ಡಿಗ್ರಿ ಇಲ್ಲದ ಪ್ರೊಫೆಸರ್

ಬಿಸಿಎಯಲ್ಲಿ ನನಗೆ ಇನ್ನೂ ಒಂದು ಸಬ್ಜೆಕ್ಟ್ ಬಾಕಿ ಇದೆ. ಆದರೂ ಧೈರ್ಯ ಮಾಡಿ ಬೆಂಗಳೂರಿನ ಒಂದು ಕಂಪನಿಗೆ ಸಂದರ್ಶನಕ್ಕೆ ಹೋಗಿದ್ದೆ. ಪೈಥಾನ್‌ನ ಒಂದು ಕ್ಲಾಸ್‌ನಲ್ಲಿ ಚಿಕ್ಕದೇ ಎಂದು ನೋಡುವ ಮೆಥಡ್ ಮಾತ್ರ ಬರೆದಿದೆ. ಅದರ ಎರಡು ಆಬ್ಜೆಕ್ಟ್‌ಗಳ ನಡುವೆ ದೊಡ್ಡದು ಎಂಬ ಚಿಹ್ನೆ ಹಾಕಿದರೆ ಏನಾಗುತ್ತದೆ ಎಂದು ಕೇಳಿದರು. ಎರರ್ ಎಂದೆ. ತಪ್ಪು. ಪೈಥಾನ್ ಮೊದಲು ಎಡಗಡೆಯದನ್ನು ನೀನು ದೊಡ್ಡದೇ ಎಂದು ಕೇಳುತ್ತದೆ. ಅದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಬಲಗಡೆಯದನ್ನು ನೀನು ಚಿಕ್ಕದೇ ಎಂದು ಕೇಳುತ್ತದೆ. ಎರಡೂ ಕೈಚೆಲ್ಲಿದರೆ ಮಾತ್ರ ಎರರ್. ಸಮವೇ ಎಂದು ಕೇಳಿದ್ದರೆ ಆಗಲೂ ಎರರ್ ಇಲ್ಲ, ಎರಡೂ ಒಂದೇ ಆಬ್ಜೆಕ್ಟಾ ಎಂದಷ್ಟೇ ನೋಡಿ ನಿಜ ಅಥವಾ ಸುಳ್ಳು ಎನ್ನುತ್ತದೆ. ಆ ನಿಜ–ಸುಳ್ಳಿನ ಟೈಪ್‌ಗೆ ಬೂಲ್ ಎಂದು ಹೆಸರು. ಯಾರಪ್ಪಾ ಈ ಬೂಲ್ ಎಂದು ವಾಪಸ್ ಬರುವ ಬಸ್ಸಿನಲ್ಲೇ ಓದಲು ಶುರುಮಾಡಿದೆ.

ಜಾರ್ಜ್ ಬೂಲ್ ಹುಟ್ಟಿದ್ದು 1815ರಲ್ಲಿ, ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ. ಅಪ್ಪ ಬೂಟು ಹೊಲಿಯುವವರು. ಅವರಿಗೆ ಅಂಗಡಿಗಿಂತ ದೂರದರ್ಶಕ ಮಾಡುವ ಹುಚ್ಚೇ ಹೆಚ್ಚು, ವ್ಯಾಪಾರ ಬಿದ್ದುಹೋಯಿತು. 16ನೇ ವಯಸ್ಸಿಗೇ ಹುಡುಗ ಡಾನ್‌ಕಾಸ್ಟರ್‌ನ ಶಾಲೆಯೊಂದರಲ್ಲಿ ಸಹಾಯಕ ಮೇಷ್ಟ್ರಾಗಿ ಮನೆ ಸಾಕಬೇಕಾಯಿತು. 19ಕ್ಕೆ ಊರಿನಲ್ಲಿ ಸ್ವಂತ ಶಾಲೆ ತೆರೆದ. ಕಾಲೇಜು ಮೆಟ್ಟಿಲು ಹತ್ತಲಿಲ್ಲ. ಫ್ರೆಂಚ್ ಗಣಿತ ಪುಸ್ತಕಗಳನ್ನು ಒಬ್ಬನೇ ಕೂತು ಅರಗಿಸಿಕೊಂಡ. 1844ರಲ್ಲಿ ರಾಯಲ್ ಸೊಸೈಟಿಯ ಪದಕ ಬಂತು. 1849ರಲ್ಲಿ ಐರ್ಲೆಂಡಿನ ಕಾರ್ಕ್‌ನ ಕ್ವೀನ್ಸ್ ಕಾಲೇಜು ಆತನನ್ನು ಗಣಿತದ ಪ್ರೊಫೆಸರ್ ಮಾಡಿತು, ಡಿಗ್ರಿ ಇಲ್ಲದೆಯೇ. ಈ ಸಾಲನ್ನು ನಾನು ಎರಡು ಸಲ ಓದಿದೆ.

ತರ್ಕವನ್ನು ಬೀಜಗಣಿತದಂತೆ ಬರೆಯಬಹುದು ಎಂಬುದು ಆತನ ಯೋಚನೆ. ಎಮ್ಮೆಗಳ ಹಿಂಡಿನಿಂದ ಮತ್ತೆ ಎಮ್ಮೆಗಳನ್ನೇ ಆರಿಸಿದರೆ ಸಿಗುವುದು ಅದೇ ಹಿಂಡು. ಅಂದರೆ ಎಕ್ಸ್ ಅನ್ನು ಎಕ್ಸ್‌ನಿಂದ ಗುಣಿಸಿದರೂ ಎಕ್ಸ್. ಅಂಕಿಗಳಲ್ಲಿ ಈ ನಿಯಮಕ್ಕೆ ಒಗ್ಗುವುದು 0 ಮತ್ತು 1 ಎರಡೇ. ಪೈಥಾನ್‌ನಲ್ಲಿ ಇವತ್ತಿಗೂ ಸುಳ್ಳು ಎಂದರೆ 0, ನಿಜ ಎಂದರೆ 1. ನಿಜಕ್ಕೆ ನಿಜ ಕೂಡಿಸಿದರೆ 2 ಬರುತ್ತದೆ! ಬೂಲ್ ಇದನ್ನು ಒಪ್ಪುತ್ತಿರಲಿಲ್ಲ ಬಿಡಿ, ಒಂದರೊಳಗೊಂದು ಸೇರಿದ ಗುಂಪುಗಳನ್ನು ಕೂಡಿಸುವಂತಿಲ್ಲ ಎಂಬುದು ಆತನ ಲೆಕ್ಕ.

1855ರಲ್ಲಿ ಮದುವೆಯಾದ ಮೇರಿ, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್‌ರ ಅಣ್ಣತಮ್ಮಂದಿರ ಮಗಳು. ಶಿಖರಕ್ಕೆ ಇಟ್ಟಿದ್ದು ಅವರದೇ ಹೆಸರು. ಐದು ಹೆಣ್ಣುಮಕ್ಕಳಾದರು. 1864ರ ಚಳಿಗಾಲದಲ್ಲಿ ಬೂಲ್ ಮಳೆಯಲ್ಲಿ ಸುಮಾರು 3 ಮೈಲಿ ನಡೆದು ಹೋಗಿ, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿದ. ಜ್ವರ ಹಿಡಿಯಿತು. ಕಾಯಿಲೆಗೆ ಕಾರಣವಾದದ್ದರಿಂದಲೇ ವಾಸಿಯಾಗುತ್ತದೆ ಎಂದು ನಂಬಿದ್ದ ಮೇರಿ ಒದ್ದೆ ಹೊದಿಕೆ ಸುತ್ತಿದಳು ಎಂಬ ಮಾತಿದೆ. ಡಿಸೆಂಬರ್ 8ರಂದು ತೀರಿಕೊಂಡಾಗ ಆತನಿಗೆ 49 ವರ್ಷ, ಕೊನೆಯ ಮಗಳಿಗೆ ಏಳು ತಿಂಗಳೂ ತುಂಬಿರಲಿಲ್ಲ.

ಆತನ ಬೀಜಗಣಿತ ವಿದ್ಯುತ್ ಸ್ವಿಚ್‌ಗಳಿಗೆ ಸರಿಹೊಂದುತ್ತದೆ ಎಂದು ಅಮೆರಿಕದ ವಿದ್ಯಾರ್ಥಿ ಕ್ಲಾಡ್ ಶಾನನ್ ಪ್ರಬಂಧ ಬರೆದದ್ದು 1937ರಲ್ಲಿ, 73 ವರ್ಷಗಳ ಮೇಲೆ.