ಫಾರ್ನ್ ದ್ವೀಪದ ತಪಸ್ವಿ

ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಜನಿಸಿ, ಕಲಬುರಗಿಯಲ್ಲಿ ದಾಸೋಹ ನಡೆಸಿ, 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ತೆನೆಗೆ ಎರಗಿದ ಹಕ್ಕಿಗಳನ್ನು ಕವಣೆ ಬೀಸಿ ಓಡಿಸಲಿಲ್ಲವೆಂದು ಆಳಂದ, ಅಫಜಲಪುರ, ಜೇವರ್ಗಿಗಳ ಜನರು ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ. ಅವರಿಗಿಂತ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ, ದೂರದ ಇಂಗ್ಲೆಂಡಿನ ಕಡಲಬಂಡೆಯೊಂದರ ಮೇಲೆ ಹಕ್ಕಿಗಳೊಡನೆ ಬಾಳಿದ ಮಹನೀಯನೊಬ್ಬನಿದ್ದನು. ಆತನೇ ಸಂತ ಕತ್ಬರ್ಟ್.

ಕತ್ಬರ್ಟನು ಸುಮಾರು ಕ್ರಿ.ಶ. 634ರಲ್ಲಿ ನಾರ್ತಂಬ್ರಿಯಾ ರಾಜ್ಯದಲ್ಲಿ ಜನಿಸಿದನು. ತರುಣನಾಗಿದ್ದಾಗ ಬೆಟ್ಟದಲ್ಲಿ ಕುರಿ ಕಾಯುತ್ತಿದ್ದ ಒಂದು ರಾತ್ರಿ ಆಕಾಶದಲ್ಲಿ ದಿವ್ಯವಾದ ಬೆಳಕನ್ನು ಕಂಡನೆಂದೂ, ಅದೇ ವೇಳೆಗೆ ಧರ್ಮಗುರು ಏಡನ್ ದೇಹತ್ಯಾಗ ಮಾಡಿದ್ದನ್ನು ತಿಳಿದು ವಿರಕ್ತನಾದನೆಂದೂ ಪ್ರತೀತಿಯಿದೆ. 651ರಲ್ಲಿ ಆತನು ಮೆಲ್ರೋಸ್ ಮಠವನ್ನು ಸೇರಿದನು. ಮುಂದೆ ಲಿಂಡಿಸ್ಫಾರ್ನ್ ದ್ವೀಪದ ಮಠದ ಹಿರಿಯನಾದನು. ದುರ್ಗಮವಾದ ಹಳ್ಳಿಗಳಿಗೆ ನಡೆದುಹೋಗಿ ಬಡವರಿಗೆ ಧರ್ಮವನ್ನು ಬೋಧಿಸಿದನು.

ಆದರೆ ಆತನ ಮನಸ್ಸು ಏಕಾಂತವನ್ನು ಬಯಸುತ್ತಿತ್ತು. 676ರಲ್ಲಿ ಆತನು ದಡದಿಂದ ಸುಮಾರು ಎರಡೂವರೆ ಕಿಲೋಮೀಟರು ದೂರದಲ್ಲಿರುವ ಫಾರ್ನ್ ದ್ವೀಪಕ್ಕೆ ತೆರಳಿದನು. ಅಲ್ಲಿ ಗಾಳಿ, ಅಲೆ, ಕಪ್ಪು ಬಂಡೆಗಳಲ್ಲದೆ ಬೇರೇನೂ ಇರಲಿಲ್ಲ. ತನ್ನ ಕೈಯಿಂದಲೇ ಕಲ್ಲು ಹೊತ್ತು, ಆಕಾಶವೊಂದೇ ಕಾಣುವಂತೆ ಎತ್ತರದ ಗೋಡೆ ಕಟ್ಟಿ, ಅದರೊಳಗೆ ಗುಡಿಸಲನ್ನು ನಿರ್ಮಿಸಿದನು. ಬಿತ್ತಿದ ಗೋಧಿ ಮೊಳೆಯಲಿಲ್ಲ, ಜವೆಗೋಧಿ ಫಲಿಸಿತು. ಅದನ್ನು ತಿನ್ನಲು ಬಂದ ಹಕ್ಕಿಗಳಿಗೆ ಆತನು ಕಲ್ಲು ಬೀಸಲಿಲ್ಲ. ಬುದ್ಧಿ ಹೇಳಿದೊಡನೆ ಅವು ಹಾರಿಹೋದವಂತೆ. ಬಂಡೆಗಳ ನಡುವೆ ಗೂಡು ಕಟ್ಟುವ ಐಡರ್ ಬಾತುಗಳಿಗೆ ಯಾರೂ ಕೇಡು ಮಾಡಬಾರದೆಂದು ಆತನು ವಿಧಿಸಿದನೆಂಬ ನಂಬಿಕೆಯೂ ಬೆಳೆಯಿತು. ಆ ಪ್ರದೇಶದ ಜನರು ಈ ಬಾತನ್ನು ಇಂದಿಗೂ ಕತ್ಬರ್ಟನ ಹೆಸರಿನಿಂದಲೇ ಕರೆಯುತ್ತಾರೆ.

ಆತನನ್ನು ಬಿಷಪ್ ಪದವಿಗೆ ಆರಿಸಿದಾಗ ಆತನು ಒಪ್ಪಲಿಲ್ಲ. ಕೊನೆಗೆ ದೊರೆ ಎಕ್ಫ್ರಿತನೇ ದೋಣಿಯೇರಿ ಬಂದು ಬೇಡಿಕೊಂಡನು. ಪ್ರಿಯವಾದ ಏಕಾಂತವನ್ನು ತೊರೆಯುವುದು ಕತ್ಬರ್ಟನಿಗೆ ಸುಲಭವಾಗಿರಲಿಲ್ಲ. ಆದರೂ ಕಣ್ಣೀರು ತುಂಬಿಕೊಂಡು ಹೊರಟು, 685ರಲ್ಲಿ ಬಿಷಪ್ಪನಾಗಿ, ರೋಗಿಗಳನ್ನೂ ದೀನರನ್ನೂ ಸಂತೈಸುತ್ತ ಊರೂರು ತಿರುಗಿದನು. ದೇಹ ಕುಗ್ಗಿದಾಗ ದ್ವೀಪಕ್ಕೆ ಮರಳಿ, 687ರ ಮಾರ್ಚ್ 20ರಂದು ಅಲ್ಲಿಯೇ ಕಣ್ಮುಚ್ಚಿದನು. ವಿದ್ವಾಂಸನಾದ ಬೀಡ್ ಎಂಬ ಸಂನ್ಯಾಸಿಯು ಆತನ ಚರಿತ್ರೆಯನ್ನು ಬರೆದನು.

ಈ ದ್ವೀಪಗಳನ್ನು 1925ರಿಂದ ನ್ಯಾಷನಲ್ ಟ್ರಸ್ಟ್ ಸಂಸ್ಥೆಯು ರಕ್ಷಿಸುತ್ತಿದೆ. ಪ್ರತಿ ವಸಂತದಲ್ಲಿ ಪಫಿನ್ ಮುಂತಾದ ಸಾವಿರಾರು ಕಡಲಹಕ್ಕಿಗಳು ಅಲ್ಲಿ ಮರಿ ಮಾಡುತ್ತವೆ. ಏಕಾಂತವನ್ನು ಪ್ರೀತಿಸಿಯೂ ಕರ್ತವ್ಯದ ಕರೆಗೆ ಓಗೊಟ್ಟ, ಮೂಕಜೀವಿಗಳನ್ನು ನೆರೆಯವರಂತೆ ಕಂಡ ಕತ್ಬರ್ಟನ ಬದುಕು ನಮಗೆ ಆದರ್ಶಪ್ರಾಯವಾಗಿದೆ.