ತೂರ್ ಪಟ್ಟಣದ ಮಾರ್ಟಿನನ ಚರಿತ್ರೆ

ಮಾರ್ಟಿನ್ ಲೂಥರನ ಹೆಸರನ್ನು ನೀವು ಬಲ್ಲಿರಿ. ಅವನು 1483ನೆಯ ಇಸವಿ ನವೆಂಬರ್ 10ರಲ್ಲಿ ಹುಟ್ಟಿ, ಮರುದಿನವೇ ದೀಕ್ಷಾಸ್ನಾನ ಹೊಂದಿದನು. ಆ ದಿನವು ಪೂರ್ವಕಾಲದ ಒಬ್ಬ ಭಕ್ತನ ಸ್ಮರಣೆಯ ದಿನವಾಗಿದ್ದದರಿಂದ ಮಗುವಿಗೆ ಅವನ ಹೆಸರನ್ನೇ ಇಟ್ಟರು. ಆ ಮೊದಲನೆಯ ಮಾರ್ಟಿನನ ಸಂಗತಿಯನ್ನು ಇಲ್ಲಿ ಹೇಳುವೆವು. ಯಾಕಂದರೆ ಬಾಬಾಬುಡನ್‌ಗಿರಿಯಿಂದ ಕಳಸದ ವರೆಗಿನ ನಮ್ಮ ಮಲೆಸೀಮೆಯಲ್ಲಿಯೂ ಸಭಾಹಿರಿಯರನ್ನು ಆರಿಸುವ ಹೊತ್ತಿಗೆ ಕಣ್ಣು ಮೊದಲು ಕೋಟಿನ ಮೇಲೆ ಬೀಳುವದುಂಟು.

ಮಾರ್ಟಿನನು 4ನೆಯ ಶತಮಾನದಲ್ಲಿ, ಈಗಿನ ಹಂಗೇರಿ ದೇಶದ ಸಬಾರಿಯ ಎಂಬ ಊರಿನಲ್ಲಿ ಹುಟ್ಟಿದನು. ತಂದೆಯು ರೋಮ್ ಸೈನ್ಯದ ಸರದಾರನು, ತಂದೆತಾಯಿಗಳು ಕ್ರೈಸ್ತರಲ್ಲ. ಆದರೂ ಹುಡುಗನು ಹತ್ತನೆಯ ವರುಷದಲ್ಲಿ ಅವರ ಮನಸ್ಸಿಗೆ ವಿರೋಧವಾಗಿ ಸಭೆಗೆ ಹೋಗಿ ಉಪದೇಶ ಕೇಳಲಾರಂಭಿಸಿದನು. ಹದಿನೈದರಲ್ಲಿ ಅವನನ್ನು ಬಲವಂತದಿಂದ ಸೈನ್ಯಕ್ಕೆ ಸೇರಿಸಿದರು. ಅಲ್ಲಿ ಅವನಿಗೆ ಒಬ್ಬ ಆಳಿದ್ದನು. ಆದರೆ ಆ ಆಳಿನ ಜೋಡುಗಳನ್ನು ಬಿಚ್ಚಿ ಒರಸುವವನು ಧಣಿಯೇ. ಆಮಿಯೆನ್ಸ್ ಪಟ್ಟಣದ ಬಾಗಲಲ್ಲಿ, ಕಡು ಚಳಿಯೊಳಗೆ, ಬತ್ತಲೆಯಾಗಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟನು. ಅರ್ಧಂಗಿಯ ಸಿಪಾಯಿಯನ್ನು ನೋಡಿ ಕೆಲವರು ನಕ್ಕರಂತೆ.

ಸೈನ್ಯವನ್ನು ಬಿಟ್ಟ ಮೇಲೆ ಪ್ವಾತಿಯೆ ಪಟ್ಟಣದ ಬಿಷಪನಾದ ಹಿಲಾರಿಯು ಅವನನ್ನು ಸಭಾಸೇವಕನನ್ನಾಗಿ ಮಾಡಬೇಕೆಂದಿದ್ದನು. ಮಾರ್ಟಿನನು ತಾನು ಅಯೋಗ್ಯನೆಂದು ಒಪ್ಪಲಿಲ್ಲ. ಆಗ ಹಿಲಾರಿಯು ಜಾಣತನದಿಂದ ಅದಕ್ಕಿಂತ ಕೆಳಗಿನ ಕೆಲಸವನ್ನು ಮುಂದಿಟ್ಟನು. ಕೀಳೆಂದು ತಿರಸ್ಕರಿಸಿದ ಹಾಗಾದೀತೆಂದು ಅವನು ಅದನ್ನು ತಕ್ಕೊಂಡನು.

371ರ ಸುಮಾರಿಗೆ ತೂರ್ ಸಭೆಯವರಿಗೆ ಬಿಷಪನು ಬೇಕಾದನು. ಅವರಿಗೆ ಮಾರ್ಟಿನನೇ ಬೇಕು. ಅವನೋ ಮಠವನ್ನು ಬಿಟ್ಟು ಹೊರಡುವವನಲ್ಲ. ಒಬ್ಬ ಗೃಹಸ್ಥನು ಹೆಂಡತಿಗೆ ಕಾಯಿಲೆಯೆಂದು ಸುಳ್ಳು ನೆವ ಹೇಳಿ ಹೊರಗೆ ಕರಕೊಂಡು ಬಂದನು. (ಈ ಉಪಾಯವನ್ನು ನಾವು ಮೆಚ್ಚುವದಿಲ್ಲ.) ದಾರಿಯಲ್ಲಿ ಕಾದಿದ್ದ ಜನರು ಅವನನ್ನು ಕಾವಲಿನಲ್ಲೇ ಪಟ್ಟಣಕ್ಕೆ ತಂದರು. ಅಲ್ಲಿ ಕೂಡಿದ್ದ ಬಿಷಪರಲ್ಲಿ ಕೆಲವರು ಮುಖ ಸಿಂಡರಿಸಿದರು. ಅವನ ರೂಪ ಹೀನವು, ಬಟ್ಟೆ ಕೊಳಕು, ತಲೆಗೂದಲು ಕೆದರಿದೆ, ಇಂಥವನು ಬಿಷಪನ ಪದವಿಗೆ ತಕ್ಕವನಲ್ಲವೆಂಬದೇ ಅವರ ಆಕ್ಷೇಪಣೆ. ನಡತೆಯಲ್ಲಾಗಲಿ ಉಪದೇಶದಲ್ಲಾಗಲಿ ಒಂದು ತಪ್ಪನ್ನೂ ಎತ್ತಲಿಲ್ಲ. ತೋಟದಲ್ಲಿ ದುಡಿಯುವ ನಮ್ಮವರಿಗೆ ಇದು ಬೇಗನೆ ತಿಳಿಯುವದು: ಕಾಫಿ ಹಣ್ಣನ್ನು ನೀರಿನ ತೊಟ್ಟಿಗೆ ಸುರಿದಾಗ, ಕೆಂಪಗೆ ಮಿನುಗುವ ಜೊಳ್ಳೂ ಮೇಲೆ ತೇಲುವದು, ಗಟ್ಟಿ ಬೀಜವುಳ್ಳದ್ದು ತಳಕ್ಕೆ ಇಳಿಯುವದು. ಆ ಬಿಷಪರು ಬಣ್ಣವನ್ನು ನೋಡಿದರು. ತೂರಿನ ಬಡಜನರು ಅವರಿಗೆ ಸೋಲಲಿಲ್ಲ, ಮಾರ್ಟಿನನಿಗೆ ಹಸ್ತಾರ್ಪಣೆಯಾಯಿತು.

ಪದವಿ ಬಂದರೂ ಉಡುಪು ಬದಲಾಗಲಿಲ್ಲ. ಪಟ್ಟಣದಿಂದ ಎರಡು ಮೈಲು ದೂರದಲ್ಲಿ, ಲ್ವಾರ್ ನದಿಯ ಬಳಿ, ಮರದ ಗುಡಿಸಲನ್ನು ಕಟ್ಟಿಕೊಂಡನು. ಸುಮಾರು 80 ಮಂದಿ ಶಿಷ್ಯರು ಸುತ್ತಲೂ ಸೇರಿದರು. ಆದರೆ ಈ ದೀನನು ಹೇಡಿಯಾಗಿರಲಿಲ್ಲ. ಪ್ರಿಸಿಲಿಯನೆಂಬ ದುರ್ಬೋಧಕನನ್ನು ಕೊಲ್ಲಿಸಬೇಕೆಂದು ಕೆಲವು ಬಿಷಪರು ಮಾಕ್ಸಿಮ ಚಕ್ರವರ್ತಿಯನ್ನು ಒತ್ತಾಯಪಡಿಸಿದಾಗ, ರಕ್ತ ಸುರಿಸಬಾರದೆಂದು ಟ್ರಿಯರ್ ಪಟ್ಟಣದ ಅರಮನೆಯಲ್ಲಿ ವಾದಿಸಿದವನು ಇವನೇ. ಅವನು ಊರು ಬಿಟ್ಟ ಮೇಲೆ ಅವರು ಕೊಂದರು. ಅದೇ ಚಕ್ರವರ್ತಿಯ ಊಟದಲ್ಲಿ ಪಾನಪಾತ್ರೆಯನ್ನು ಮೊದಲು ಬಿಷಪನ ಕೈಗೆ ಕೊಟ್ಟರು. ಅವನು ಕುಡಿದು, ಅರಸನಿಗೆ ಮರಳಿ ಕೊಡದೆ, ಜೊತೆಗೆ ಬಂದಿದ್ದ ಸಾಧಾರಣ ಪಾದ್ರಿಗೆ ದಾಟಿಸಿದನು.

ತನ್ನ ಸಭೆಯಲ್ಲಿ ಅವನು ಬಿಷಪನ ಎತ್ತರದ ಆಸನದಲ್ಲಿ ಎಂದೂ ಕೂಡ್ರಲಿಲ್ಲವೆಂದು, ಅವನನ್ನು ಕಣ್ಣಾರೆ ಕಂಡು ಚರಿತ್ರೆ ಬರೆದ ಸುಲ್ಪಿಕಿಯ ಸೆವೇರನು ತಿಳಿಸುತ್ತಾನೆ. ಅವನು ಕೂಡ್ರುತ್ತಿದ್ದದ್ದು, ಹಳ್ಳಿಯ ಆಳುಗಳು ಉಪಯೋಗಿಸುವಂಥ ಮೂರು ಕಾಲಿನ ಮಣೆಯ ಮೇಲೆ. 397ರಲ್ಲಿ, ಜಗಳವಾಡುತ್ತಿದ್ದ ಸಭಾಸೇವಕರನ್ನು ಸಮಾಧಾನಪಡಿಸಲು ಕಾಂದ್ ಎಂಬ ಹಳ್ಳಿಗೆ ಹೋದವನು ಅಲ್ಲಿಯೇ ತೀರಿಹೋದನು.