ಮಾಲ್ಗುಡಿಯನ್ನು ಮನೆಮನೆಗೆ ತಂದ ಶಂಕರ್‌ನಾಗ್

ದಿನದ ದುಡಿಮೆ ಮುಗಿಸಿ ಮನೆ ಸೇರಿದ ನಗರದ ಕುಟುಂಬಗಳಿಗೆ ಸಂಜೆಯ ಹೊತ್ತು ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ. ಇಂದು ಯಾವುದನ್ನು ನೋಡುವುದು? ವಾಹಿನಿಗಳಿಗೆ ಲೆಕ್ಕವಿಲ್ಲ, ಚಿತ್ರಗಳಿಗೆ ಕೊನೆಯಿಲ್ಲ. ಆಯ್ಕೆ ಹೆಚ್ಚಿದಷ್ಟೂ ಗೊಂದಲವೂ ಹೆಚ್ಚು. ಅಂಥ ಹೊತ್ತಿನಲ್ಲಿ ನೆರವಿಗೆ ಬರುವುದು ಜಾಹೀರಾತಲ್ಲ. ಗೆಳೆಯರೋ ನೆಂಟರೋ ಕಚೇರಿಯ ಸಹೋದ್ಯೋಗಿಗಳೋ ತಾವು ನೋಡಿ ಮೆಚ್ಚಿದ್ದನ್ನು ಹೇಳುವ ಒಂದು ಮಾತು. ಕರ್ನಾಟಕದಲ್ಲಿ ಹೀಗೆ ಬಾಯಿಂದ ಬಾಯಿಗೆ ದಾಟುತ್ತ ಬಂದ ಹೆಸರುಗಳಲ್ಲಿ 'ಮಾಲ್ಗುಡಿ ಡೇಸ್' ಮುಂಚೂಣಿಯಲ್ಲಿದೆ. ಅಜ್ಜ ಮೊಮ್ಮಗನಿಗೆ ಹೇಳಬಹುದಾದ, ಮೊಮ್ಮಗ ಅಜ್ಜನಿಗೆ ನೆನಪಿಸಬಹುದಾದ ಧಾರಾವಾಹಿ ಅದು. ಅದನ್ನು ನಿರ್ದೇಶಿಸಿದ ಶಂಕರ್‌ನಾಗ್ ಕಣ್ಮರೆಯಾದದ್ದು 1990ರಲ್ಲಿ. ಆಗ ಅವರಿಗೆ ಕೇವಲ 35 ವರ್ಷ.

ಬೆಳ್ಳಿತೆರೆಯ ಜನಪ್ರಿಯ ನಾಯಕನಾಗಿ ಶಂಕರ್ ಅವರನ್ನು ಬಲ್ಲವರು ಅಸಂಖ್ಯ. ಆದರೆ ಚಿತ್ರಮಂದಿರಕ್ಕೆ ಹೋಗದೆ ಮನೆಯಲ್ಲೇ ಕುಳಿತು ನೋಡುವ ಪ್ರೇಕ್ಷಕನಿಗಾಗಿ ಅವರು ಪಟ್ಟ ಶ್ರಮ ಅವರ ಬದುಕಿನ ಬಹುಮುಖ್ಯ ಅಧ್ಯಾಯ. ತಾರೆಯರು ಕಿರುತೆರೆಯತ್ತ ತಿರುಗಿ ನೋಡಲೂ ಹಿಂಜರಿಯುತ್ತಿದ್ದ ಕಾಲದಲ್ಲಿ ಅವರು ಅದನ್ನು ಒಂದು ಗಂಭೀರ ಮಾಧ್ಯಮವೆಂದೇ ಭಾವಿಸಿದ್ದರು.

ಹೊನ್ನಾವರದಿಂದ ಮುಂಬಯಿಗೆ

ಶಂಕರ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದಲ್ಲಿ. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ಮನೆಮಾತು ಕೊಂಕಣಿ. ಅಣ್ಣ ಅನಂತ್ ಮುಂದೆ ಅನಂತ್‌ನಾಗ್ ಎಂದೇ ನಾಡಿಗೆ ಪರಿಚಿತರಾದ ನಟ. ವಿದ್ಯಾಭ್ಯಾಸಕ್ಕೆಂದು ಮುಂಬಯಿ ಸೇರಿದ ಸಹೋದರರಿಗೆ ಆ ಮಹಾನಗರದ ರಂಗಭೂಮಿಯೇ ನಿಜವಾದ ಪಾಠಶಾಲೆಯಾಯಿತು. ಮರಾಠಿ ನಾಟಕಗಳ ಶಿಸ್ತು, ತಾಲೀಮಿನ ಕಟ್ಟುನಿಟ್ಟು, ಕಡಿಮೆ ಸಲಕರಣೆಯಲ್ಲಿ ಹೆಚ್ಚಿನದನ್ನು ಸಾಧಿಸುವ ಜಾಣ್ಮೆ ಅವರಿಗೆ ದಕ್ಕಿದ್ದು ಅಲ್ಲಿಯೇ. ಬಾಳಸಂಗಾತಿ ಅರುಂಧತಿ ಅವರ ಪರಿಚಯವಾದದ್ದೂ ರಂಗಭೂಮಿಯಲ್ಲೇ. 1979ರಲ್ಲಿ ತೆರೆಕಂಡ '22 ಜೂನ್ 1897' ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲೂ ಶಂಕರ್ ಪಾಲುಗೊಂಡಿದ್ದರು.

ಕನ್ನಡಕ್ಕೆ ಅವರನ್ನು ಕರೆತಂದವರು ಗಿರೀಶ ಕಾರ್ನಾಡ. ಜಪಾನಿನ ಅಕಿರ ಕುರೋಸವಾ ಅವರ ಸಮುರಾಯ್ ಚಿತ್ರಗಳ ಪ್ರೇರಣೆಯಿಂದ ಕಾರ್ನಾಡರು ರೂಪಿಸಿದ 'ಒಂದಾನೊಂದು ಕಾಲದಲ್ಲಿ' ಚಿತ್ರದಲ್ಲಿ ಶಂಕರ್ ಗಂಡುಗಲಿ ಎಂಬ ಬಾಡಿಗೆ ಯೋಧನಾದರು. ಮೊದಲ ಚಿತ್ರದ ಅಭಿನಯಕ್ಕೇ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಒಲಿದು ಬಂತು.

ಅಲ್ಲಿಂದ ಮುಂದಿನ ಹನ್ನೆರಡು ವರ್ಷ ಅವರಿಗೆ ಬಿಡುವೆಂಬುದೇ ಇರಲಿಲ್ಲ. 'ಸೀತಾರಾಮು' ಅವರನ್ನು ಜನಪ್ರಿಯರನ್ನಾಗಿಸಿತು. 'ಆಟೋರಾಜ' ಅವರನ್ನು ರಾಜ್ಯದ ಆಟೋ ಚಾಲಕರ ಆರಾಧ್ಯದೈವವನ್ನಾಗಿಸಿತು. ಹೊಡೆದಾಟದ ಚಿತ್ರಗಳಿಂದಾಗಿ ಕರಾಟೆ ಕಿಂಗ್ ಎಂಬ ಬಿರುದೂ ಸೇರಿಕೊಂಡಿತು. ಈ ಜನಪ್ರಿಯ ಚಿತ್ರಗಳಿಂದ ಬಂದ ಹಣ ಮತ್ತು ಹೆಸರನ್ನು ಅವರು ತಮಗೆ ಪ್ರಿಯವಾದ ಬೇರೆ ಕೆಲಸಗಳಿಗೆ ಬಂಡವಾಳವಾಗಿ ಹೂಡಿದರು. 'ಸಂಕೇತ್' ನಾಟಕ ತಂಡ ಅದರಲ್ಲೊಂದು. ರಮೇಶ್ ಭಟ್ ಮೊದಲಾದ ಗೆಳೆಯರ ಜೊತೆಗೂಡಿ ಆಡಿದ 'ನೋಡಿ ಸ್ವಾಮಿ ನಾವಿರೋದು ಹೀಗೆ' ಬೆಂಗಳೂರಿನ ಮಧ್ಯಮವರ್ಗದ ಪ್ರೇಕ್ಷಕರನ್ನು ರಂಗಮಂದಿರಕ್ಕೆ ಎಳೆತಂದಿತು. ಧ್ವನಿಮುದ್ರಣಕ್ಕೆಂದು ಕನ್ನಡ ಚಿತ್ರತಂಡಗಳು ಮದ್ರಾಸಿಗೆ ಓಡಬೇಕಿದ್ದ ಕಾಲದಲ್ಲಿ ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೋ ತೆರೆದದ್ದು ಮತ್ತೊಂದು.

ನಿರ್ದೇಶಕನ ನೋಟ

ನಿರ್ದೇಶಕರಾಗಿ ಕನ್ನಡದಲ್ಲಿ ಅವರ ಮೊದಲ ಹೆಜ್ಜೆ 1980ರ 'ಮಿಂಚಿನ ಓಟ'. ಕಾರು ಕದಿಯುವ ಮೂವರು ಕಳ್ಳರ ಕಥೆ. ಅನಂತ್‌ನಾಗ್, ಲೋಕನಾಥ್ ಮತ್ತು ಸ್ವತಃ ಶಂಕರ್ ಮುಖ್ಯ ಪಾತ್ರಗಳಲ್ಲಿದ್ದರು. ನಗುತ್ತ ಆರಂಭವಾಗುವ ಚಿತ್ರ ಸೆರೆಮನೆಯ ಗೋಡೆಗಳ ನಡುವೆ ವಿಷಾದಕ್ಕೆ ಹೊರಳುತ್ತದೆ. ಅದಕ್ಕೆ ರಾಜ್ಯ ಸರ್ಕಾರದ ಶ್ರೇಷ್ಠ ಚಿತ್ರ ಪ್ರಶಸ್ತಿ ದೊರೆಯಿತು. ಇಳಯರಾಜಾ ಅವರ ಸಂಗೀತದ 'ಜನ್ಮ ಜನ್ಮದ ಅನುಬಂಧ' ಮತ್ತು 'ಗೀತಾ' ಅದರ ಬೆನ್ನಿಗೇ ಬಂದವು. 1987ರಲ್ಲಿ ಡಾ. ರಾಜ್‌ಕುಮಾರ್ ನಾಯಕರಾಗಿದ್ದ 'ಒಂದು ಮುತ್ತಿನ ಕಥೆ'ಯನ್ನೂ ಶಂಕರ್ ನಿರ್ದೇಶಿಸಿದರು. ಜಾನ್ ಸ್ಟೈನ್‌ಬೆಕ್ ಅವರ ಕಾದಂಬರಿಯನ್ನು ಆಧರಿಸಿದ ಚಿತ್ರವದು.

ಇವುಗಳ ನಡುವೆ 1985ರ 'ಆಕ್ಸಿಡೆಂಟ್' ವಿಶೇಷವಾದದ್ದು. ಕುಡಿದ ಮತ್ತಿನಲ್ಲಿ ಕಾರು ಓಡಿಸಿದ ರಾಜಕಾರಣಿಯ ಮಗನೊಬ್ಬ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡವರ ಮೇಲೆ ವಾಹನ ಹರಿಸುತ್ತಾನೆ. ಅಪರಾಧವನ್ನು ಮುಚ್ಚಿಹಾಕಲು ಅಧಿಕಾರ ಬಳಕೆಯಾಗುವ ಬಗೆಯೇ ಚಿತ್ರದ ವಸ್ತು. ಅಧಿಕಾರಸ್ಥ ತಂದೆಯಾಗಿ ಅನಂತ್‌ನಾಗ್, ಸತ್ಯದ ಬೆನ್ನುಹತ್ತುವ ಪತ್ರಕರ್ತನಾಗಿ ಶಂಕರ್ ನಟಿಸಿದರು. ಹಾಡು ಕುಣಿತಗಳ ಹಂಗಿಲ್ಲದ ಈ ಚಿತ್ರ ಸಾಮಾಜಿಕ ಸಮಸ್ಯೆಯನ್ನು ಕುರಿತ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ನಗರಗಳ ರಸ್ತೆಗಳಲ್ಲಿ ಅಂಥ ಘಟನೆಗಳು ನಿಲ್ಲದಿರುವುದರಿಂದಲೇ ಇರಬೇಕು, ಇಂದು ಮೊದಲ ಬಾರಿಗೆ ನೋಡುವವರಿಗೂ ಅದು ಹಳತೆನಿಸುವುದಿಲ್ಲ.

ಆಗುಂಬೆಯಲ್ಲೊಂದು ಮಾಲ್ಗುಡಿ

ದೂರದರ್ಶನ ಅಂದಿಗೆ ಹೊಸತು. ಬೆಂಗಳೂರು ಕೇಂದ್ರ ಆರಂಭವಾದದ್ದು 1981ರಲ್ಲಿ. 1982ರಲ್ಲಿ ಪರದೆಗೆ ಬಣ್ಣ ಬಂತು, 1984ರ 'ಹಮ್ ಲೋಗ್' ಧಾರಾವಾಹಿಯ ರುಚಿ ಹತ್ತಿಸಿತು. ಬೀದಿಗೆ ಒಂದೆರಡು ಮನೆಗಳಲ್ಲಷ್ಟೇ ಟೀವಿ. ಇದ್ದವರ ಮನೆಯ ನಡುಮನೆಯಲ್ಲಿ ಅಕ್ಕಪಕ್ಕದ ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂರುತ್ತಿದ್ದರು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕಾರ್ಯಕ್ರಮ ಎಂಬುದು ನಲ್ಲಿಕಟ್ಟೆಯಲ್ಲಿ, ಶಾಲೆಯ ಆವರಣದಲ್ಲಿ ಮಾತಾಗುತ್ತಿತ್ತು. ಒಂದೇ ವಾಹಿನಿಯಿದ್ದ ಆ ದಿನಗಳಲ್ಲಿ ಶಿಫಾರಸು ಎಂದರೆ ಆಯ್ದುಕೊಳ್ಳುವ ಮಾತಲ್ಲ, ತಪ್ಪಿಸಿಕೊಳ್ಳಬಾರದೆಂಬ ಎಚ್ಚರಿಕೆ.

ಇಂಥ ಸಮಯದಲ್ಲಿ ನಿರ್ಮಾಪಕ ಟಿ.ಎಸ್. ನರಸಿಂಹನ್ ಅವರು ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಕಿರುತೆರೆಗೆ ತರಲು ಮುಂದಾದರು. ನಿರ್ದೇಶನದ ಹೊಣೆ ಶಂಕರ್ ಅವರದಾಯಿತು. ಅದು ಹಗುರವಾದ ಹೊಣೆಯಲ್ಲ. 1965ರಲ್ಲಿ ತೆರೆಗೆ ಬಂದ ಹಿಂದಿಯ 'ಗೈಡ್' ಯಶಸ್ವಿಯಾಗಿದ್ದರೂ ತಮ್ಮ ಪುಟ್ಟ ಊರಿನ ಕಥೆ ವೈಭವದಲ್ಲಿ ಕಳೆದುಹೋಯಿತೆಂದು ನಾರಾಯಣ್ ನೊಂದಿದ್ದರು, ಅದನ್ನು ಬರೆದೂ ಇದ್ದರು. ಮಾಲ್ಗುಡಿ ಎಂಬ ಊರು ಯಾವ ಭೂಪಟದಲ್ಲೂ ಇಲ್ಲ. ಓದುಗರ ಮನಸ್ಸಿನಲ್ಲಿ ಮಾತ್ರ ಇದೆ. ಅಂಥ ಊರನ್ನು ಕಣ್ಣಿಗೆ ಕಾಣಿಸಬೇಕಿತ್ತು.

ಶಂಕರ್ ಅದಕ್ಕೆ ಆರಿಸಿದ್ದು ಮಲೆನಾಡಿನ ಮಳೆಯೂರು ಆಗುಂಬೆಯನ್ನು. ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಈ ಸಣ್ಣ ಊರಿನ ಹೆಂಚಿನ ಮನೆಗಳು, ಜಗುಲಿಗಳು, ಒಂದೇ ಉದ್ದನೆಯ ಬೀದಿ ಮಾಲ್ಗುಡಿಯಾಗಿ ಬದಲಾದವು. ಅಲ್ಲಿನ ದೊಡ್ಡಮನೆ ಎಂಬ ಹಳೆಯ ಮನೆ ಸ್ವಾಮಿಯ ಮನೆಯಾಯಿತು. ಆಗುಂಬೆಗೆ ರೈಲಿಲ್ಲ, ಆದ್ದರಿಂದ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣಕ್ಕೆ ಮಾಲ್ಗುಡಿಯ ಫಲಕ ಬಂತು. ಎಸ್. ರಾಮಚಂದ್ರ ಅವರ ಛಾಯಾಗ್ರಹಣ, ಜಾನ್ ದೇವರಾಜ್ ಅವರ ಕಲಾ ನಿರ್ದೇಶನ, ಎಲ್. ವೈದ್ಯನಾಥನ್ ಅವರ ಸಂಗೀತ ಒಂದಾದವು. ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಬರೆದ ರೇಖಾಚಿತ್ರಗಳು ಪ್ರತಿ ಕಂತಿನ ಬಾಗಿಲು ತೆರೆದವು. ವೈದ್ಯನಾಥನ್ ಅವರ ಶೀರ್ಷಿಕೆ ರಾಗ ಕೇಳಿಸಿದೊಡನೆ ಕೆಲಸ ಬಿಟ್ಟು ಟೀವಿಯ ಮುಂದೆ ಬಂದು ಕೂರುತ್ತಿದ್ದ ತಲೆಮಾರೊಂದು ಇಂದಿಗೂ ಆ ರಾಗವನ್ನು ಗುನುಗಬಲ್ಲದು.

ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ ಮನೆಮಾತಾದರು. ಮಿಠಾಯಿ ವ್ಯಾಪಾರಿ ಜಗನ್ ಪಾತ್ರದಲ್ಲಿ ಅನಂತ್‌ನಾಗ್, ತಿಂಗಳ ಸಂಬಳಕ್ಕೆ ಕಟ್ಟುಬಿದ್ದು ಮಗಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಲಾಗದ ಗುಮಾಸ್ತನಾಗಿ ವಿಷ್ಣುವರ್ಧನ್ ಕಾಣಿಸಿಕೊಂಡರು. ಮಿಕ್ಕಂತೆ ಪರದೆ ತುಂಬಿದವರಲ್ಲಿ ಹೆಚ್ಚಿನವರು ಕನ್ನಡ ರಂಗಭೂಮಿಯ ಕಲಾವಿದರು.

ಇಂದು ಮನೆಯಲ್ಲಿ ಕೂತು ನೋಡಬೇಕೆನ್ನುವವರಿಗೆ ಆ ಕಂತುಗಳಲ್ಲಿ ಎಲ್ಲರಿಗೂ ಒಂದೊಂದು ಪಾಲಿದೆ. ಮಕ್ಕಳಿಗೆ, ಕತ್ತಲೆಗೆ ಅಂಜುವ ಸ್ವಾಮಿ ತಂದೆಯ ಸವಾಲಿಗೆ ಸಿಕ್ಕಿ ಒಂಟಿಯಾಗಿ ಮಲಗುವ ರಾತ್ರಿ ಇದೆ. ಹಿರಿಯರಿಗೆ, ಮಗನ ಹೊಸ ದಾರಿ ಅರ್ಥವಾಗದೆ ತೊಳಲುವ ಜಗನ್ ಇದ್ದಾನೆ. ದಿನವಿಡೀ ಕಚೇರಿಯಲ್ಲಿ ಸವೆದು ಬಂದವರಿಗೆ ಆ ಗುಮಾಸ್ತನ ಕಥೆ ಚುಚ್ಚದೆ ಇರದು. ಮದುವೆಯ ಮನೆಗೆ ಸಾವಿನ ಸುದ್ದಿ ತಲುಪಿಸದೆ ಕಾಗದವನ್ನು ತಡೆಹಿಡಿಯುವ ಅಂಚೆಯವನ ಕಥೆ ಮುಗಿದ ಮೇಲೆ, ಅವನು ಮಾಡಿದ್ದು ಸರಿಯೇ ತಪ್ಪೇ ಎಂದು ಮನೆಯವರೆಲ್ಲ ಊಟದ ಹೊತ್ತಿನಲ್ಲಿ ವಾದಿಸಬಹುದು. ಇಲ್ಲಿ ಕೇಡಿಗರಿಲ್ಲ, ಅಬ್ಬರದ ಸಂಗೀತವಿಲ್ಲ, ಕಣ್ಣೀರಿನ ಕೋಡಿಯಿಲ್ಲ. ಒಂದು ಕಥೆ ಹೇಳಲು ಎಷ್ಟು ಬೇಕೋ ಅಷ್ಟೇ ಸಮಯ. ಧಾರಾವಾಹಿಯನ್ನು ಎಳೆಯುವುದೇ ರೂಢಿಯಾದ ಮುಂದಿನ ದಶಕಗಳಲ್ಲಿ ಈ ಸಂಯಮದ ಬೆಲೆ ಇನ್ನಷ್ಟು ಎದ್ದು ಕಂಡಿತು.

ಮೂವತ್ತು ವರ್ಷ ತಡವಾಗಿ ಬಂದ ಕನ್ನಡ

ಇಷ್ಟಾದರೂ ಒಂದು ವಿಪರ್ಯಾಸವನ್ನು ಮರೆಯುವಂತಿಲ್ಲ. ಕಥೆಗಾರ ಮೈಸೂರಿನಲ್ಲಿ ಬಾಳಿದವರು, ನಿರ್ದೇಶಕ ಹೊನ್ನಾವರದವರು, ಊರು ಆಗುಂಬೆ, ಕಲಾವಿದರು ಬಹುಪಾಲು ಕನ್ನಡಿಗರು. ಆದರೆ ಧಾರಾವಾಹಿಯ ಭಾಷೆ ಮಾತ್ರ ಕನ್ನಡವಲ್ಲ. ದೂರದರ್ಶನದ ರಾಷ್ಟ್ರೀಯ ಪ್ರಸಾರಕ್ಕಾಗಿ ತಯಾರಾದ ಅದು ದೇಶಕ್ಕೆ ತಲುಪಿದ್ದು ಹಿಂದಿಯಲ್ಲಿ. ಹಿಂದಿ ಬಾರದ ಅಜ್ಜಿಯರಿಗೆ ಮೊಮ್ಮಕ್ಕಳು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಕಥೆ ಹೇಳಬೇಕಿತ್ತು. ಮುಂದೆ ಕನ್ನಡದ ಮಾತು ಜೋಡಿಸೋಣವೆಂದರೆ ದಾರಿ ಸುಗಮವಾಗಿರಲಿಲ್ಲ. ಬೇರೆ ಭಾಷೆಯ ಕೃತಿಗಳ ಡಬ್ಬಿಂಗ್ ಸ್ಥಳೀಯ ಕಲಾವಿದರ, ತಂತ್ರಜ್ಞರ ಅನ್ನ ಕಸಿಯುತ್ತದೆಂದು ಕನ್ನಡ ಚಿತ್ರೋದ್ಯಮ 1960ರ ದಶಕದಿಂದಲೂ ವಿರೋಧಿಸುತ್ತ ಬಂದಿತ್ತು. ಕನ್ನಡದ ಕೆಲಸವನ್ನು ಉಳಿಸಲೆಂದು ಎದ್ದ ಗೋಡೆ, ಕನ್ನಡಿಗರೇ ಕಟ್ಟಿದ ಮಾಲ್ಗುಡಿಯನ್ನೂ ಕನ್ನಡದಿಂದ ಹೊರಗಿಟ್ಟಿತು.

2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. 2020ರಲ್ಲಿ ಕೊರೊನಾ ಕಾರಣದಿಂದ ಜನರೆಲ್ಲ ಮನೆಯೊಳಗೇ ಉಳಿದು, ಹೊಸ ಧಾರಾವಾಹಿಗಳ ಚಿತ್ರೀಕರಣವೂ ನಿಂತಾಗ 'ಮಾಲ್ಗುಡಿ ಡೇಸ್' ಕನ್ನಡದ ಮಾತು ತೊಟ್ಟು ಕಿರುತೆರೆಗೆ ಬಂತು. ಹೊರಗೆ ಹೋಗಲಾಗದ ಆ ಸಂಜೆಗಳಲ್ಲಿ ಸ್ವಾಮಿ ಕೊನೆಗೂ ಕನ್ನಡದಲ್ಲಿ ಮಾತನಾಡಿದ. ಅದೇ ವರ್ಷ ಅರಸಾಳು ನಿಲ್ದಾಣ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ಹೊಸರೂಪ ತಳೆಯಿತು. ಅದನ್ನು ಕಾಣಬೇಕಿದ್ದವರು ಅಗಲಿ ಆಗಲೇ ಮೂರು ದಶಕ ಸಂದಿತ್ತು.

1990ರ ಸೆಪ್ಟೆಂಬರ್ 30ರ ಮುಂಜಾವು. 'ಜೋಕುಮಾರಸ್ವಾಮಿ' ಚಿತ್ರದ ಚಿತ್ರೀಕರಣಕ್ಕೆಂದು ಹೊರಟಿದ್ದ ಶಂಕರ್ ಅವರ ಕಾರು ದಾವಣಗೆರೆ ಸಮೀಪದ ಆನಗೋಡು ಬಳಿ ಅಪಘಾತಕ್ಕೀಡಾಯಿತು. ಜೊತೆಗಿದ್ದ ಪತ್ನಿ ಅರುಂಧತಿ ಹಾಗೂ ಪುಟ್ಟ ಮಗಳು ಕಾವ್ಯ ಬದುಕುಳಿದರು, ಶಂಕರ್ ಉಳಿಯಲಿಲ್ಲ. ಬೆಂಗಳೂರಿಗೆ ಮೆಟ್ರೋ ರೈಲು, ನಂದಿಬೆಟ್ಟಕ್ಕೆ ರೋಪ್‌ವೇ, ಬಡವರಿಗೆ ಕಡಿಮೆ ವೆಚ್ಚದ ಮನೆ ಮುಂತಾದ ಕನಸುಗಳು ಅವರೊಡನೆ ಅರ್ಧಕ್ಕೆ ನಿಂತವು. ಬೆಂಗಳೂರಿನಲ್ಲಿ ಮೆಟ್ರೋ ಓಡಲು 2011 ಬರಬೇಕಾಯಿತು.

2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಮಾಲ್ಗುಡಿಯ ಹೊಸ ಕಂತುಗಳು ಬಂದವು. ಆದರೂ ಜನರ ನೆನಪಿನಲ್ಲಿ ಮಾಲ್ಗುಡಿ ಎಂದರೆ ಶಂಕರ್ ಕಟ್ಟಿದ ಆಗುಂಬೆಯೇ. ಆಟೋಗಳ ಮೇಲಿನ ಅವರ ಚಿತ್ರ ಬಿಸಿಲು ಮಳೆಗೆ ಮಾಸಬಹುದು, ಅಭಿಮಾನಿಗಳು ಮತ್ತೆ ಬರೆಸುತ್ತಾರೆ. ಮನೆಯೊಳಗಿನ ಕೃತಿಗೆ ಅಂಥ ಬಣ್ಣಗಾರರಿಲ್ಲ. ಒಬ್ಬರು ನೋಡಿ ಮತ್ತೊಬ್ಬರಿಗೆ ಹೇಳಿದರಷ್ಟೇ ಅದು ಉಳಿಯುತ್ತದೆ. ಈ ಸಂಜೆ ಮಗುವೊಂದು ಏನು ನೋಡಲೆಂದು ಕೇಳಿದಾಗ ಮನೆಯ ಹಿರಿಯರೊಬ್ಬರ ಬಾಯಲ್ಲಿ ಮಾಲ್ಗುಡಿಯ ಹೆಸರು ಬಂದರೆ, ಶಂಕರ್‌ನಾಗ್ ಅವರಿಗೆ ಸಲ್ಲಬೇಕಾದ ಗೌರವದ ದೊಡ್ಡ ಪಾಲು ಸಂದಂತೆಯೇ.